ಚಿಲ್ಲರೆ ಬಾಕಿ

ನಸುಕಿನ ಐದಕ್ಕೆ ಡ್ಯೂಟಿ ಚಾರ್ಟ್ ಬರೆಯುವವಳು ನಾನು,
ಸುರಪುರ ಡಿಪೋದ ಜಾಲರಿ ಕಿಟಕಿಯ ಒಳಗೆ ಕೂತು.
ಕೊಡೇಕಲ್ ನೈಟ್ ಹಾಲ್ಟಿನ ಮುಂದೆ
ಹದಿನಾಲ್ಕು ತಿಂಗಳಿಂದ ಒಂದೇ ಜೋಡಿ:
ಡ್ರೈವರ್ ಖಾಜಾಹುಸೇನ, ಕಂಡಕ್ಟರ್ ದೇವಿಂದ್ರಪ್ಪ.
ಮಂಗಳವಾರವೂ ಪೆನ್ನು ಎರಡೂ ಹೆಸರು ಬರೆದುಬಿಟ್ಟಿತು.
ಫೋನು ಬಂದು ಆಗಲೇ ಹತ್ತು ನಿಮಿಷವಾಗಿತ್ತು.

ಮ್ಯಾನೇಜರ್ ಅಂಬಾದಾಸರು ಬಂದರು
ಅಂಗಿಯ ಗುಂಡಿ ಒಂದು ಮನೆ ತಪ್ಪಿಸಿ ಹಾಕಿಕೊಂಡು.
"ಹಾರ್ಟ್ ಅಟ್ಯಾಕ್ ಅಂತ ಹೇಳಿಬಿಡೋಣೇನ್ರಿ?"
ಅವನ ಹೆಂಡತಿ ನೀಲಮ್ಮನೇ ಫೋನಿನಲ್ಲಿ ಅಂದಳು:
"ಸುಳ್ಳು ಬ್ಯಾಡ್ರಿ. ತಾನೇ ಜೀವ ಕಳಕೊಂಡ ಅನ್ರಿ.
ಹ್ಯಾಂಗ ಅನ್ನೋದು ಮಾತ್ರ
ನಮ್ಮ ಮನಿ ಬಾಗಲದ ಒಳಗ ಇರ್ಲಿ."

ಡೀಸೆಲ್ ಪಂಪಿನ ನೆರಳಿನಲ್ಲಿ ನಿಂತು
ಪಾಳಿಗೆ ಪಾಳಿ ಹೇಳಿದರು ಅಂಬಾದಾಸರು, ಅದೇ ನಾಲ್ಕು ಮಾತು.
ತಾಳಿಕೋಟಿಯಿಂದ ಮಧ್ಯಾಹ್ನ ಬಂದವರಿಗೆ, ಸಂಜೆಯವರಿಗೆ.
ದಾರಿಯಲ್ಲಿದ್ದವರಿಗೆ ಫೋನು ಬೇಡವೆಂದರು,
ಸ್ಟೇರಿಂಗ್ ಹಿಡಿದ ಕೈಗೆ ಸುದ್ದಿ ಕೊಡಬಾರದು,
ಗಾಡಿ ನಿಲ್ಲಲಿ ಮೊದಲು.
ಮೂರನೆಯ ಸಲಕ್ಕೆ ನಾಲ್ಕನೆಯ ಮಾತು ಗಂಟಲಲ್ಲೇ ನಿಂತಿತು.
ಕ್ಯಾಂಟೀನಿನ ಶರಣಮ್ಮ ಏನೂ ಕೇಳದೆ
ಅವರ ಕೈಗೆ ಚಾ ಇಟ್ಟು ಹೋದಳು.

ಸಾಲವಿತ್ತು ಅಂದ ಒಬ್ಬ. ಮನೆಯಲ್ಲಿ ಜಗಳ ಅಂದ ಇನ್ನೊಬ್ಬ.
ಕಂಡಕ್ಟರ್ ಜಗದೇವಿ ಚೀಲ ಟೇಬಲ್ಲಿಗೆ ಬಡಿದಳು:
"ಎಲ್ಲಿ ಹತ್ತಿದ್ದ, ಯಾವ್ಯಾವ ಸ್ಟೇಜ್ ದಾಟಿ ಬಂದಿದ್ದ,
ನಿಮಗೇನು ಗೊತ್ತದ?
ಕಡೀ ಸ್ಟಾಪ್ ನೋಡಿ ಟಿಕೆಟ್ ಹರೀಬ್ಯಾಡ್ರಿ."

ನನ್ನ ಕಾರಣ ನನ್ನ ಡ್ರಾಯರಿನಲ್ಲಿತ್ತು.
ಎರಡು ದಿನದ ರಜೆ ಅರ್ಜಿ, ಅವನದು.
ಮೇಲೆ ನನ್ನದೇ ಅಕ್ಷರ: ಸಿಬ್ಬಂದಿ ಕೊರತೆ.
ಯಾದಗಿರಿಯ ಆಸ್ಪತ್ರೆಯಿಂದ ಬಂದು
ಟೈರುಗಳ ಕೋಣೆಯಲ್ಲಿ ಕುರ್ಚಿ ಹಾಕಿ ಕೂತ ಹೆಣ್ಣುಮಗಳು
'ನಿಮ್ಮ ತಪ್ಪಲ್ಲ' ಎಂದು ಅವಸರ ಮಾಡಲಿಲ್ಲ.
"ಅರ್ಜಿ ವಾಪಸ್ ತಗೊಳ್ಳೂ ಮುಂದ ಏನಂದ?" ಅಂತ ಕೇಳಿದಳು.
ನಕ್ಕ. ಇರ್ಲಿ ಬಿಡ್ರಿ ಅಕ್ಕಾ ಅಂದ.
ಅಷ್ಟು ಹೇಳುವ ಹೊತ್ತಿಗೆ
ಆರು ದಿನ ಒಣಗಿದ್ದ ಕಣ್ಣು ಒಡೆಯಿತು.

ಅದಕ್ಕೂ ಮೊದಲೇ, ಮೂರನೆಯ ದಿನ ಖಾಜಾಹುಸೇನ ಡ್ಯೂಟಿಗೆ ಬಂದ.
ಊದು ಅಂದರು, ಊದಿದ. ಯಂತ್ರ ಸೊನ್ನೆ ತೋರಿಸಿತು.
ಕುಡಿದದ್ದನ್ನು ಅಳೆಯುತ್ತದೆ ಅದು.
ನುಂಗಿದ್ದನ್ನು ಅಳೆಯುವುದಿಲ್ಲ.
ಕಿಟಕಿಯಿಂದ ಹೊರಗೆ ಬಂದೆ ನಾನು,
ನಾಲಗೆ ಒಣಗಿತ್ತು, ಆದರೂ ಕೇಳಿದೆ:
"ಖಾಜಾಭಾಯ್, ಸಾಯೋ ವಿಚಾರ ನಿಮಗೂ ಬರ್ತದೇನ್ರಿ?"
ಅವನು ಮೆಟ್ಟಿಲ ಮೇಲೆ ಕೂತ.
"ಅಂಥಾದ್ದಿಲ್ಲ ಅಕ್ಕಾ. ನಿದ್ದಿ ಬರವಲ್ದು.
ಕಣ್ಣು ಮುಚ್ಚಿದ್ರ ಹಿಂದಿಂದ ರೈಟ್ ರೈಟ್ ಅಂತಾನ.
ಎಲ್ಲಿಗಿ ಹೊಡೀಲಿ ಗಾಡಿ?"
ಆ ದಿನ ಅವನಿಗೆ ಕೀಲಿ ಕೊಡಲಿಲ್ಲ.
ಅಂಬಾದಾಸರು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು
ಡಾಕ್ಟರ ಹತ್ತಿರ ಹೋದರು, ಆಮೇಲೆ ಅವನ ಮನೆಗೆ.

ಹನ್ನೊಂದನೆಯ ದಿನ ರಾಜನಕೋಳೂರಿನ ಮುದುಕಿ ಬಂದಳು
ಮಡಚಿ ಮಡಚಿ ಸವೆದ ಟಿಕೆಟ್ ಹಿಡಿದು.
ಹಿಂದೆ ದೇವಿಂದ್ರಪ್ಪನ ಕೈಬರಹ: ಎಂಟು.
"ಚಿಲ್ಲರ ಇಲ್ಲ, ನಾಳಿ ಕೊಡ್ತೀನಿ ಆಯಿ ಅಂದಿದ್ದ. ಎಲ್ಲ್ಯಾನ?"
ಹೇಳಿದೆ, ನೀಲಮ್ಮ ಹೇಳಿಕೊಟ್ಟ ಮಾತಿನಲ್ಲೇ.
ಬಹಳ ಹೊತ್ತು ಜಾಲರಿ ಹಿಡಿದು ನಿಂತಳು.
ಆಮೇಲೆ ಕೈ ಚಾಚಿದಳು.
ನಾನು ಕೊಟ್ಟ ನಾಣ್ಯ ಒಂದೊಂದೇ ಎಣಿಸಿ
ಸೆರಗಿನ ತುದಿಗೆ ಗಂಟು ಹಾಕಿ,
"ಅವನ ಮ್ಯಾಲ ಬಾಕಿ ಉಳೀಬಾರ್ದು ನೋಡವ್ವ" ಅಂದಳು.

ಟಿಕೆಟ್ ಈಗ ಡ್ರಾಯರಿನಲ್ಲಿದೆ, ಅರ್ಜಿಯ ಪಕ್ಕ.
ಅರ್ಜಿಯ ಲೆಕ್ಕ ಯಾರು ಎಣಿಸಿಕೊಳ್ಳುತ್ತಾರೋ.

ಸೋಮವಾರದ ಚಾರ್ಟ್ ಬರೆಯುತ್ತಿದ್ದೇನೆ:
ಖಾಜಾಹುಸೇನ, ಜಗದೇವಿ.
ಹುಣಸಗಿ. ಹಗಲಿನ ಟ್ರಿಪ್ ಮಾತ್ರ.