ಏಳು ಕಿಲೋ

ಒಂದೇ ರಾತ್ರಿ ಅಲ್ವಾ ಅತ್ತೆ, ಅಂದೆ.
ಹುಬ್ಬಳ್ಳಿಯಲ್ಲಿ ಹಾಸಿಗೆಗೇನು ಬರವೇ?
ನಾಮಕರಣದವರು ಹೋಟೆಲಿನಲ್ಲೇ ರೂಮು ಹಿಡಿದಿದ್ದಾರೆ,
ಬಿಳೀ ದಿಂಬು, ಬಿಳೀ ಹಾಸು, ಗರಿಗರಿ.

ಬಿಳೀದು ಬೇಡ, ಅಂದಳು ವನಮಾಲತ್ತೆ.
ಅಷ್ಟೇ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ
ಊರಿನ ಗುಟ್ಟನ್ನೆಲ್ಲ ಈ ಕಿವಿಯಿಂದ ಆ ಕಿವಿಗೆ ದಾಟಿಸಿ
ತನ್ನದೊಂದನ್ನೂ ಯಾರಿಗೂ ಕನೆಕ್ಟ್ ಮಾಡದವಳು.

ರಾಜಾಜಿನಗರದ ಮೊದಲ ಮಹಡಿ, ಸಂಜೆ ಆರೂಕಾಲು.
ದಿವಾನದ ಮೇಲೆ ಅವಳ ಸಾಮಾನು:
ಬೂರುಗದ ಹತ್ತಿಯ ದಿಂಬು,
ಎಣ್ಣೆ ಕುಡಿದು ಕುಡಿದು ಅವಳ ತಲೆಯದೇ ಆಕಾರ;
ಕಾಟನ್‌ಪೇಟೆಯಲ್ಲಿ ಹೊಲಿಸಿದ ರಜಾಯಿ,
ಮಡಿಸಿದರೆ ಮಗ್ಗುಲು ಬದಲಿಸಿ ಮತ್ತೆ ಬಿಚ್ಚಿಕೊಳ್ಳುವಂಥದು;
ಜೊತೆಗೊಂದು ಸುರುಳಿ,
ಹಳೇ ಸೀರೆಯ ಅಂಚಿನಲ್ಲಿ ಮೂರು ಗಂಟು.
ಅದನ್ನ ಬಿಚ್ಚಬೇಡ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಹಾಸಿಗೆಯನ್ನೇ ಹೊತ್ತು ಹೊರಟವಳಿಗೆ ಗಾದೆಯಿಲ್ಲ.
ವಿಮಾನದವರ ಲೆಕ್ಕ ಒಂದೇ:
ತಲೆಗೊಂದು ಕೈಚೀಲ, ಚೀಲಕ್ಕೆ ಏಳು ಕಿಲೋ.
ದೊಡ್ಡ ಲಗೇಜಿಗೆ ಹಾಕೋಣವೆಂದರೆ
ಯಾರ್ಯಾರ ಕೈಗೋ ಹೋಗೋದು ಬೇಡ, ಅನ್ನುತ್ತಾಳೆ.

ಹಳೇ ಪೇಪರಿನ ಮುನಿಸ್ವಾಮಪ್ಪನ ಕೊಕ್ಕೆ ತಕ್ಕಡಿ
ಕೇಳಿ ತಂದು ಬಾಗಿಲ ಚಿಲಕಕ್ಕೆ ಸಿಕ್ಕಿಸಿದೆ.
ಮುಳ್ಳು ಒಂಬತ್ತರ ಹತ್ತಿರ ತೂಗಾಡಿ
ಅವಳ ಕಡೆ ನೋಡಿತು, ನನ್ನ ಕಡೆ ನೋಡಿತು,
ಎಂಟೂವರೆಗೆ ರಾಜಿಯಾಯಿತು.

ಮೇಲಿನ ಮನೆಯ ಹುಡುಗಿ
ಗಾಳಿ ತೆಗೆಯುವ ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು.
ವ್ಯಾಕ್ಯೂಮ್ ಕ್ಲೀನರಿನ ಬಾಯಿ ಇಟ್ಟದ್ದೇ ತಡ
ರಜಾಯಿ ಪಕ್ಕೆಲುಬು ಕಾಣುವ ಹಾಗೆ ಒಣಗಿಹೋಯಿತು.
ಅತ್ತೆ ನಕ್ಕಳು:
ನಮ್ಮ ಡಿಪಾರ್ಟ್‌ಮೆಂಟಿಗೂ ಹೀಗೇ ಮಾಡಿದರು ಕಣೇ.

ಗಾತ್ರ ಹೋಯಿತು. ತೂಕ ಹೋಗಲಿಲ್ಲ.

ಅವಳು ಮುಖ ತೊಳೆಯಲು ಹೋದಾಗ
ಏನಾದರೂ ಕಡಿಮೆ ಮಾಡಬಹುದೇನೋ ಎಂದು
ಬಿಚ್ಚಿದೆ.

ಕಂದು ಬಣ್ಣದ ರಬ್ಬರ್ ಶೀಟು.
ಎರಡು ಕಪ್ಪು ಟವೆಲು, ಒಗೆದು ಒಗೆದು ಬೂದಿ ಹತ್ತಿದವು.
ಡೆಟಾಲಿನ ವಾಸನೆ, ಅದರಡಿಯಲ್ಲಿ
ಡೆಟಾಲಿಗೆ ಜಗ್ಗದ ಇನ್ನೊಂದು.
ಮೂರು ವರ್ಷದಿಂದ ಯಾವ ಮದುವೆಗೂ ಬಾರದ
ಅತ್ತೆಯ ಮಂಡಿನೋವು
ಇಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು.

ಇದ್ದ ಹಾಗೇ ಸುತ್ತಿದೆ, ಇದ್ದಲ್ಲೇ ಕಟ್ಟಿದೆ.
ಕಟ್ಟಿದ ಮೇಲೆ ನೆನಪಾಯಿತು,
ಅವಳದು ಎಡಗೈ ಗಂಟು.

ಆಮೇಲೆ ನನ್ನ ಚೀಲ ತೆರೆದೆ.
ರೇಷ್ಮೆ ಸೀರೆ ಹೊರಗೆ, ಎತ್ತರದ ಚಪ್ಪಲಿ ಹೊರಗೆ,
ಓದುತ್ತೇನೆಂದು ಎಲ್ಲ ಊರಿಗೂ ಒಯ್ದು
ಓದದೆ ತಂದ ದಪ್ಪ ಪುಸ್ತಕ ಹೊರಗೆ.
ಒಟ್ಟು ಎರಡು ಕಿಲೋ ನಾನು ಹೊರಗೆ ಬಂದೆ.
ಆ ಜಾಗಕ್ಕೆ ಅವಳ ದಿಂಬು, ಅದರ ಬೆನ್ನಿಗೆ ಸುರುಳಿ.
ಜಿಪ್ಪಿನ ಮೇಲೆ ಮೊಣಕಾಲಿಟ್ಟು ಎಳೆದೆ.
ಎರಡು ಚೀಲವನ್ನೂ ತೂಗಿದೆ. ಆರು ಮುಕ್ಕಾಲು,
ಆರು ಒಂಬೈನೂರು.

ನಿನ್ನದೇನೂ ಇಲ್ಲವಲ್ಲೇ ಇದರಲ್ಲಿ?
ಒಂದೇ ರಾತ್ರಿ ಅಲ್ವಾ ಅತ್ತೆ.

ಜಿಪ್ಪು ಒಂದು ಗೇಣು ಜಾರಿಸಿ ಒಳಗೆ ಕೈಹಾಕಿದಳು.
ಬೆರಳು ಗಂಟಿನ ಮೇಲೆ ಆಡಿ, ನಿಂತು,
ಹೊರಗೆ ಬಂತು.
ಕಾಫಿಗೆ ಸಕ್ಕರೆ ಎಷ್ಟು ಹಾಕಲಿ, ಅಂದಳು,
ನಲವತ್ತು ವರ್ಷದಿಂದ ಗೊತ್ತಿದ್ದೂ.

ಏರ್‌ಪೋರ್ಟ್ ಬಸ್ಸು ಬೆಳಗಿನ ಜಾವ ಮೂರೂ ಮುಕ್ಕಾಲಿಗೆ.
ನಾನು ದಿವಾನದ ಮೇಲೆ.
ಹಾಸಿಗೆಯೆಲ್ಲ ಚೀಲದಲ್ಲಿದ್ದುದರಿಂದ
ಅವಳು ಬೆತ್ತದ ಕುರ್ಚಿಯಲ್ಲಿ ಕೂತೇ ಇದ್ದಳು.

ಒಂದೂವರೆಗೋ ಏನೋ, ಕತ್ತಲಲ್ಲಿ, ಸುಸ್ಸ್ ಎಂದಿತು.
ಪ್ಲಾಸ್ಟಿಕ್ಕಿನಲ್ಲಿ ಎಲ್ಲೋ ಸಣ್ಣ ತೂತು.
ರಜಾಯಿ ತನ್ನ ಉಸಿರು ವಾಪಸು ಎಳೆದುಕೊಳ್ಳುತ್ತಿತ್ತು.

ಕೇಳಿಸ್ತಾ?
ಹ್ಞೂಂ. ಜಿಪ್ಪು ತಡೆಯುತ್ತೆ, ಕಣ್ಣು ಮುಚ್ಚು.
ತಡೆಯದಿದ್ದರೆ?
ಪಿನ್ನು ಹಾಕೋಣ ಅತ್ತೆ.