ಹಿಟ್ಟಿನ ಜರಡಿ

ಚೋಮಾ ದಾಟಿ ಹದಿನಾಲ್ಕನೇ ಕಿಲೋಮೀಟರಿಗೆ
ರಸ್ತೆ ಯಾರಿಗೂ ಹೇಳದೆ ಎಡಕ್ಕೆ ಹೊರಳುತ್ತದೆ.
ಅಲ್ಲಿದ್ದ ಅಲ್ಯೂಮಿನಿಯಂ ಫಲಕ ಈಗ
ಯಾರದೋ ಒಲೆಯ ಮೇಲೆ ಗಂಜಿ ಕುದಿಸುತ್ತಿದೆ.
ಕಳ್ಳನನ್ನು ಬೈಯಲು ಹೊರಟು ಸುಮ್ಮನಾದೆ:
ಸಂತೆಯಲ್ಲಿ ಕೊಂಡ ನಮ್ಮ ಮನೆಯ ಪಾತ್ರೆಯ ತಳದಲ್ಲೂ
ಒಂದು ಬಾಣದ ತುದಿಯಿದೆ.

ಹೊಸದಕ್ಕೆ ಬೆಲೆ ಕೇಳಿದೆವು.
ಲುಸಾಕಾದಿಂದ ಬಂದ ಕಾಗದದಲ್ಲಿ
ಸೊನ್ನೆಗಳೇ ಫಲಕಕ್ಕಿಂತ ಹೆಚ್ಚು ಹೊಳೆಯುತ್ತಿದ್ದವು.
ಡಿಪೋದಲ್ಲಿ ಬಣ್ಣ ಬಳಿಯುವ ಹಾಮುಸೊಂಡೆ ಅದನ್ನೋದಿ, ಮಡಿಸಿ,
ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟ.

ಮೊದಲು ಬಿಯರ್ ಸೀಸೆ ಕುಟ್ಟಿದೆವು.
ಮರದ ಹಲಗೆಗೆ ಹಳದಿ ಬಳಿದು
ಹಸಿಯಿರುವಾಗಲೇ ಪುಡಿ ಉದುರಿಸಿದೆವು.
ಹಗಲಲ್ಲಿ ಮದುವೆಮನೆ.
ಇರುಳಲ್ಲಿ ಚೂರು ಚೂರೂ ಬೆಳಕನ್ನು ಮನಸ್ಸು ಬಂದತ್ತ ಎಸೆದು
ಲಾರಿಗೆ ಒಂದು ಹನಿಯೂ ಉಳಿಸಲಿಲ್ಲ.
ನನ್ನ ಹೆಬ್ಬೆರಳಲ್ಲಿ ಇನ್ನೂ ಒಂದು ಚೂರಿದೆ, ಚಳಿಗೆ ನೋಯುತ್ತದೆ.

"ಗುಂಡಗಿರಬೇಕು" ಅಂದ ಹಾಮುಸೊಂಡೆ.
"ಮೂಲೆಯಿದ್ದದ್ದು ಪಡೆದದ್ದನ್ನು ಹಿಂದೆ ಕೊಡೋದಿಲ್ಲ."
ರಸ್ತೆಯ ಬಿಳಿಗೆರೆಗೆಂದು ಎಂದೋ ತಂದ ಗಾಜಿನ ಮಣಿ
ಉಗ್ರಾಣದ ಹಿಂದೆ, ಹರಿದ ಚೀಲದಲ್ಲಿ, ಅರ್ಧ ಮಣ್ಣಾಗಿ ಬಿದ್ದಿತ್ತು.
ಸಾಸಿವೆಗಿಂತ ಸಣ್ಣದು, ರವೆಗಿಂತ ನುಣುಪು.
ನನ್ನ ಹೆಂಡತಿ ಚೋಲ್ವೆ ಜೋಳದ ಹಿಟ್ಟಿನ ಜರಡಿ ತಂದಳು.
"ಸಂಜೆಗೆ ವಾಪಸು" ಅಂದಳು. ಮೂರು ಸಲ ಅಂದಳು.
ಕಾಳು ಅರ್ಧ ಮುಳುಗಬೇಕು, ಅರ್ಧ ಉಸಿರಾಡಬೇಕು;
ಅವಳ ಕೈಗೆ ಅದು ಗೊತ್ತಿತ್ತು, ನಮ್ಮ ಕೈಗಲ್ಲ.

ರಾತ್ರಿ ಟಾರ್ಚು ಹಿಡಿದು ಮೂವತ್ತು ಹೆಜ್ಜೆ ದೂರ ನಿಂತೆ.
ಸೊಂಟದ ಮಟ್ಟದಲ್ಲಿ ಹಿಡಿದರೆ ಮಬ್ಬು ಹಲಗೆ.
ಕೆನ್ನೆಗೊತ್ತಿ ಹಿಡಿದೆ.
ಬಾಣ ಎದ್ದು ನಿಂತಿತು,
ತರಗತಿಯಲ್ಲಿ ಹೆಸರು ಕೂಗಿದ ಹುಡುಗನ ಹಾಗೆ.
"ಎಲ್ಲಿ?" ಅಂದಳು ಚೋಲ್ವೆ, ನಾಲ್ಕು ಮಾರು ಆಚೆಯಿಂದ.
ಅವಳ ಪಾಲಿಗೆ ಅಲ್ಲಿ ಏನೂ ಇರಲಿಲ್ಲ.
ಬೆಳಕು ತಂದವರಿಗಷ್ಟೇ ಬೆಳಕು ಕೊಡುತ್ತದೆ ಈ ಬಡ ಹಲಗೆ.

ಆಗಲೇ ಇದ್ದಿಲ ಮೂಟೆ ಹೇರಿದ ಸೈಕಲ್ಲೊಂದು
ದೀಪವಿಲ್ಲದೆ, ಕೀರಲು ಸದ್ದಷ್ಟೇ ಆಗಿ, ನಮ್ಮ ಬಳಿ ಬಂತು.
ಬಾಣವನ್ನು ಅವನು ನೋಡಲಿಲ್ಲ. ಹೇಗೆ ನೋಡಿಯಾನು?
ನಿಲ್ಲಿಸಿದೆವು. ಡಬ್ಬಿಯ ತಳದಲ್ಲಿ ಉಳಿದ ಹಳದಿಯನ್ನು
ಅವನ ಹಿಂದಿನ ಮಡ್‌ಗಾರ್ಡಿಗೆ ಅಂಗೈಯಗಲ ಬಳಿದಳು ಚೋಲ್ವೆ,
ಜರಡಿಯನ್ನು ಎರಡು ಸಲ ತಟ್ಟಿದಳು.
"ಎಷ್ಟು?" ಅಂದ ಅವನು, ಅನುಮಾನದಿಂದ.
"ಮುಟ್ಟಬೇಡ, ಒಣಗಲಿ" ಅಂದಳು.

ಅವನು ತಿರುವಿನಲ್ಲಿ ಕತ್ತಲಾದ.
ಹಿಂದೆಯೇ ಟಾಂಜಾನಿಯಾದ ಲಾರಿ, ನೆಲ ನಡುಗಿಸುತ್ತ.
ಬಾಣವಾಗಲಿ ಅಂಗೈಯಗಲ ಹಳದಿಯಾಗಲಿ
ನಾವು ನಿಂತಲ್ಲಿಂದ ಕಾಣಲಿಲ್ಲ.
ಗೇರು ಇಳಿಸಿದ ಸದ್ದು ಮಾತ್ರ ಕೇಳಿಸಿತು,
ಸ್ವಲ್ಪ ಹೊತ್ತಿಗೆ
ಇನ್ನೊಮ್ಮೆ.