ಆಗಸ್ಟಿನ ನೀರು

ಮೊದಲನೆಯದನ್ನು ಕೊಂದದ್ದು ಅಮ್ಮ.
ಹೀಗೆ ನೇರ ಹೇಳಬಾರದು, ಆದರೂ.

ಫ್ರೆಸ್ನೋದ ಮೇಲಿನ ಗುಡ್ಡ. ಹುಲ್ಲೆಲ್ಲ ನಾರಾಗಿ
ಉಗುಳಿನಲ್ಲೂ ಧೂಳಿನ ರುಚಿ.
ಫ್ಲಾನೆಲ್ ಪೊದೆ ಅನ್ನುತ್ತಾರೆ, ಎಲೆಯ ಬೆನ್ನಿಗೆ
ಕೂಸಿನ ಚಳಿಯಂಗಿಯ ನವಿರು.
ನರ್ಸರಿಯ ಡೆಲ್ಬರ್ಟ್ ಮೂರು ಸಲ ಹೇಳಿದ್ದ:
ಇದು ಈ ಗುಡ್ಡದ್ದೇ ಗಿಡ, ಬೇಸಿಗೆಯಲ್ಲಿ ಮಲಗುತ್ತದೆ,
ಎಬ್ಬಿಸಿ ನೀರು ಕುಡಿಸಬೇಡಿ.

ಹೈಕನುಷ್‌ಗೆ, ನನ್ನಮ್ಮನಿಗೆ, ಯಾರು ತಿಳಿಸಬೇಕು?
ಭೂಕಂಪ ಕಳೆದ ನಾಲ್ಕನೇ ಚಳಿಗಾಲ, ಗ್ಯುಮ್ರಿಯಲ್ಲಿ
ಐದನೇ ಮಹಡಿಗೆ ಎರಡೆರಡು ಬಕೆಟ್ ಹೊತ್ತವಳು,
ಮೆಟ್ಟಿಲಿಗೊಂದು ಉಸಿರು.
ತುಳುಕಿದ ಹನಿ ಅಲ್ಲೇ ಹೆಪ್ಪುಗಟ್ಟಿ
ಮರುದಿನ ಅವಳನ್ನೇ ಜಾರಿಸಿ ಕೆಡವಿತ್ತು.
ನಲ್ಲಿ ತಿರುಗಿಸಿದರೆ ಸಾಕು ಎನ್ನುವ ಈ ದೇಶದಲ್ಲಿ
ಕಣ್ಣೆದುರೇ ಒಂದು ಜೀವ ಒಣಗುವಾಗ
ಕೈಕಟ್ಟಿ ಕೂರುವವರು ಎಂಥವರು?

ನಾನು ರಾತ್ರಿಪಾಳಿಗೆ ಹೊರಟ ಮೇಲೆ
ಕಾಫಿ ಕಾಯಿಸುವ ಪಾತ್ರೆಯಲ್ಲಿ
ದಿನಾ, ಕದ್ದು, ಬುಡಕ್ಕೆ ಸುರಿದಳು.
ಹನ್ನೊಂದನೇ ದಿನ ಎಲೆಗಳೆಲ್ಲ ಜೋತುಬಿದ್ದವು.
ಹಿಡಿದೆತ್ತಿದರೆ ಕಾಂಡ
ನೆನೆದ ಬ್ರೆಡ್ಡಿನ ಹಾಗೆ ಕೈಗೇ ಬಂತು.
"ಸಾಲಲಿಲ್ಲ," ಅಂದಳು ಅಮ್ಮ.

ಎರಡನೆಯದೂ ಹಾಗೇ.

ಮೂರನೆಯದಕ್ಕೆ ನವೆಂಬರಿನ ಮೊದಲ ಮಳೆಯವರೆಗೆ ಕಾದೆ.
ಇಳಿಜಾರಿನಲ್ಲಿ, ಕಲ್ಲುಪುಡಿಯ ಗುಣಿಯಲ್ಲಿ,
ಗೊಬ್ಬರ ಸೋಕಿಸದೆ, ಬೇರು ಅಲುಗದ ಹಾಗೆ,
ತೊಡೆಯ ಮೇಲೆ ನಿದ್ದೆಹೋದ ಮಗುವನ್ನು
ತೊಟ್ಟಿಲಿಗೆ ಇಳಿಸುತ್ತಾರಲ್ಲ, ಹಾಗೆ.
ಅದು ನನಗೆ ಬಾರದ ಕೆಲಸ. ಅಮ್ಮನೇ ಇಳಿಸಿದಳು.

ಮತ್ತೆ ಆಗಸ್ಟ್.
ನಲ್ಲಿಗೆ ಬೀಗ ಹಾಕಲೇ ಎಂದೆ. ನಕ್ಕಳು,
ನಗು ಅಲ್ಲ ಅದು.
ಒಂದು ಬೆಳಗ್ಗೆ ಪಾಳಿ ಮುಗಿಸಿ ಬಂದು ನೋಡುತ್ತೇನೆ,
ಗಿಡದಿಂದ ಹತ್ತು ಮಾರು ಕೆಳಗೆ, ಬೇಲಿಯಾಚೆ,
ಅದೇ ಕಾಫಿ ಪಾತ್ರೆ ಹಿಡಿದು
ಬರೀ ಜಲ್ಲಿಗೆ ನೀರು ಹಾಕುತ್ತಿದ್ದಾಳೆ.
ಒದ್ದೆಯಾದ ಜಾಗದಲ್ಲಿ ಒಂದು ಕ್ವೇಲ್ ಹಕ್ಕಿ,
ಹಿಂದೆ ಮರಿಗಳ ಸಾಲು, ಅಡಿಕೆಯಷ್ಟೇ ತಲೆ.
ನಾನೇನೂ ಕೇಳಲಿಲ್ಲ.
ಆ ತಿಂಗಳ ನೀರಿನ ಬಿಲ್ಲೂ ಏನೂ ಕೇಳಲಿಲ್ಲ.

ಎರಡು ವರ್ಷ ಬರೀ ಎಲೆ.

ಈ ಏಪ್ರಿಲ್‌ನಲ್ಲಿ ಕೊಂಬೆ ಕಾಣದಷ್ಟು ಹಳದಿ,
ದಾರಿಹೋಕರು ಕಾರು ನಿಲ್ಲಿಸುವಷ್ಟು.
ಅಮ್ಮ ಮುಖವನ್ನೇ ಒಳಗಿಟ್ಟು ನೋಡಿದಳು.
ಎಲೆಯ ನವಿರು ಕಣ್ಣಿಗೆ ಬಿದ್ದರೆ ಉರಿ, ಡೆಲ್ಬರ್ಟ್ ಹೇಳಿದ್ದ.
ತೋಳಿನಿಂದ ಒರೆಸುತ್ತಾಳೆ, ಒರೆಸುತ್ತಾಳೆ,
ಇಳಿಯುತ್ತಲೇ ಇದೆ.
"ಇದರ ರೋಮ," ಅಂದಳು.
ಹೌದು ಅಂದೆ.
"ಸ್ವಲ್ಪ ದೂರ ನಿಲ್ಲಮ್ಮ, ಬುಡಕ್ಕೆ ಬಿದ್ದೀತು."